ಕಂಡ ಊರನ್ನು ಮತ್ತೆ ಕಾಣುವುದು

ಎರಡು ದಿನಗಳ ರಜೆ ಒದಗಿದರೆ ಗೃಹಸ್ಥರು ಇದುವರೆಗೆ ಕಾಣದ ಊರನ್ನು ಕಾಣಲು ಹೊರಡುವುದು ವಾಡಿಕೆ. ಹಿಂದೊಮ್ಮೆ ಬಾಳಿ ಬಿಟ್ಟುಬಂದ ಊರಿಗೆ ಮರಳಿ ಹೋಗುವುದು ಅದಕ್ಕಿಂತ ಕಠಿಣವಾದ ಯಾತ್ರೆ. ಹೊಸ ಊರು ನಮ್ಮನ್ನು ಏನೂ ಕೇಳುವುದಿಲ್ಲ. ಹಳೆಯ ಊರಾದರೋ ಹೆಜ್ಜೆಹೆಜ್ಜೆಗೂ ನಮ್ಮ ನೆನಪನ್ನು ಪರೀಕ್ಷಿಸುತ್ತದೆ. ಹಾಗೆ ಹೋಗಿಬಂದವರಲ್ಲಿ ಅನೇಕರು, "ಊರು ಕೆಟ್ಟುಹೋಯಿತು" ಎಂಬ ಒಂದೇ ಮಾತನ್ನು ಹೊತ್ತು ತರುವುದನ್ನು ವಾಚಕರು ಕೇಳಿಯೇ ಇರುವರು. ಆ ಮಾತು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ಈ ತಿಂಗಳು ವಿಚಾರಮಾಡೋಣ.

ಕಳೆದ ತಿಂಗಳ ರಜೆಯಲ್ಲಿ ನಾವು ಸಕುಟುಂಬರಾಗಿ ಮೈಸೂರಿಗೆ ಹೋಗಿದ್ದೆವು. 1876ರಲ್ಲಿ ಸ್ಥಾಪಿತವಾದ ಅಲ್ಲಿಯ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ನಾವು ಓದಿದುದು 1980ರ ದಶಕದಲ್ಲಿ. ಅಂದು ಪಾಠ ಮುಗಿದೊಡನೆ ನಮ್ಮ ಕಾಲುಗಳು ತಾವಾಗಿಯೇ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗಳತ್ತ ನಡೆಯುತ್ತಿದ್ದುವು. ಕೊಳ್ಳಲು ಹಣವಿಲ್ಲದಿದ್ದರೂ ನಿಂತು ಓದಲು ಅಡ್ಡಿಯಿರಲಿಲ್ಲ. ವೈಸರಾಯ್ ಲ್ಯಾನ್ಸ್‌ಡೌನ್ ಪ್ರಭುಗಳು 1892ರಲ್ಲಿ ಬಂದುದರ ನೆನಪಿಗೆ ಆ ಹೆಸರನ್ನು ಹೊತ್ತ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ ತಿಂಗಳಲ್ಲಿ ಕುಸಿದು ನಾಲ್ವರು ಮಡಿದರು. ದೇವರಾಜ ಮಾರುಕಟ್ಟೆಯ ಒಂದು ಭಾಗವೂ 2016ರಲ್ಲಿ ಬಿದ್ದಿತು. ಇವುಗಳನ್ನು ದುರಸ್ತಿಮಾಡಿ ಉಳಿಸಬೇಕೆಂಬವರಿಗೂ ಕೆಡವಿ ಹೊಸದಾಗಿ ಕಟ್ಟಬೇಕೆಂಬವರಿಗೂ ದೀರ್ಘವಾದ ವಾದವೇ ನಡೆದಿದೆ. ಅಲ್ಲಿ ನಿಂತು ನೋಡುವವನಿಗೆ ಆ ದೂರಿನ ಮಾತು ನಾಲಗೆಯ ತುದಿಗೆ ಬಂದರೆ ಆಶ್ಚರ್ಯವಿಲ್ಲ.

ಆದರೆ ಶಾಸ್ತ್ರದಲ್ಲಿ ಒಂದು ಪ್ರಸಿದ್ಧವಾದ ಉದಾಹರಣೆಯುಂಟು. ಹಿಂದೆಂದೋ ಬೇರೆಡೆಯಲ್ಲಿ ಕಂಡ ದೇವದತ್ತನನ್ನು ಇಂದು ಇಲ್ಲಿ ಕಂಡು, ಅವನೇ ಇವನು ಎನ್ನುತ್ತೇವೆ. ಅಂದಿನ ದೇಶಕಾಲಗಳು ಬೇರೆ, ಇಂದಿನವು ಬೇರೆ. ಆ ಎರಡನ್ನೂ ಬಿಡದೆ ಹಿಡಿದರೆ ಮಾತು ವಿರುದ್ಧವಾಗುವುದು. ವಿರುದ್ಧವಾದ ಅಂಶಗಳನ್ನು ಬಿಟ್ಟು ವ್ಯಕ್ತಿಯೊಬ್ಬನನ್ನೇ ಗ್ರಹಿಸಿದರೆ ಸರಿಹೋಗುವುದು. ಇಂಥ ಗುರುತಿಸುವಿಕೆಗೆ ಪ್ರತ್ಯಭಿಜ್ಞೆಯೆಂದು ಹೆಸರು. ಬರಿಯ ಸ್ಮೃತಿಗೆ ಎದುರಿನ ವಸ್ತು ಬೇಕಾಗಿಲ್ಲ. ಪ್ರತ್ಯಭಿಜ್ಞೆಗೆ ನೆನಪೂ ಬೇಕು, ಕಣ್ಣೂ ಬೇಕು. ಊರು ಕೆಟ್ಟಿತೆನ್ನುವವರು ಸ್ಮೃತಿಯೊಂದನ್ನೇ ಹಿಡಿದು ಬೀದಿ ತಿರುಗಿದವರು.

ಇದಕ್ಕೆ ಅಗ್ರಹಾರದ ಒಂದು ಮನೆಯೇ ನಮಗೆ ನಿದರ್ಶನವಾಯಿತು. ವಾರಾನ್ನವೆಂಬುದನ್ನು ಕಿರಿಯರು ಅರಿಯರು. ಬಡ ವಿದ್ಯಾರ್ಥಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟವನ್ನು ಗೊತ್ತುಮಾಡುವ ಏರ್ಪಾಡು ಅದು. ನಾವು ಓದುವ ಕಾಲಕ್ಕೆ ಅದು ಬಹುಮಟ್ಟಿಗೆ ನಿಂತುಹೋಗಿದ್ದರೂ ಆ ಮನೆಯ ಹಿರಿಯ ತಾಯಿಯವರು ನಡೆಸಿಕೊಂಡು ಬಂದಿದ್ದರು. ನಮ್ಮ ಪಾಲಿನ ದಿನ ಗುರುವಾರ.

ಹೆಂಚಿನ ಮನೆಯಿದ್ದೆಡೆ ಈಗ ಮೂರು ಅಂತಸ್ತಿನ ಕಟ್ಟಡವೆದ್ದಿದೆ. ಹಿರಿಯ ತಾಯಿಯವರು ಕಾಲವಾಗಿ ಎಷ್ಟೋ ವರ್ಷಗಳಾದುವು. ಬಾಗಿಲು ತೆರೆದವರು ಅವರ ಸೊಸೆ. ನಾವು ಹೆಸರು ಹೇಳಿಕೊಂಡೆವು, ಗುರುತು ಹತ್ತಲಿಲ್ಲ. ಪಾಠಶಾಲೆಯ ಮಾತೆತ್ತಿದೊಡನೆ ಆಕೆ ಒಂದು ಗಳಿಗೆ ನಮ್ಮನ್ನು ದಿಟ್ಟಿಸಿ, "ನೀವು ನಮ್ಮ ಗುರುವಾರದವರಲ್ಲವೆ?" ಎಂದರು. ಹೆಸರು ಮರೆತಿತ್ತು, ಮುಖ ಮಾಸಿತ್ತು, ವಾರ ಉಳಿದಿತ್ತು. "ನಾಳೆ ಭಾನುವಾರ. ಇರಲಿ, ಗುರುವಾರವೆಂದೇ ತಿಳಿದು ಎಲ್ಲರೂ ಊಟಕ್ಕೆ ಬನ್ನಿ" ಎಂದು ಅವರು ಹೇಳಿದಾಗ ನಮಗೆ ಕೂಡಲೆ ಮಾತು ಹೊರಡಲಿಲ್ಲ.

ಮರುದಿನ ಊಟಕ್ಕೆ ಕುಳಿತಾಗ ನಮ್ಮ ಮಗಳು, "ಪರರ ಮನೆಯಲ್ಲಿ ವಾರವಾರವೂ ಉಣ್ಣಲು ಸಂಕೋಚವಾಗುತ್ತಿರಲಿಲ್ಲವೆ?" ಎಂದು ಕೇಳಿದಳು. ಆ ಮನೆಯ ಮಗನೂ ಕಿವಿಗೊಟ್ಟನು. ತನ್ನ ಅಜ್ಜಿಯ ಈ ವೃತ್ತಾಂತ ಅವನಿಗೂ ಹೊಸತು. ಆ ತಾಯಿ ನಮ್ಮನ್ನು ತಮ್ಮ ಮಕ್ಕಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿ, ಮೊದಲು ನಮ್ಮ ಎಲೆಗೆ ಬಡಿಸುತ್ತಿದ್ದರು. ಬಳಿಕ ಅಂದಿನ ಪಾಠವೇನೆಂದು ಕೇಳುತ್ತಿದ್ದರು. ಸಂಕೋಚಕ್ಕೆ ಅಲ್ಲಿ ಎಡೆಯೇ ಇರಲಿಲ್ಲವೆಂದು ನಾವು ಹೇಳಿದೆವು. ಬಡಿಸುತ್ತಿದ್ದ ಸೊಸೆ ಸೌಟನ್ನು ಹಿಡಿದು ನಿಂತೇ ಕೇಳಿದರು. ಅನ್ನದ ಋಣವನ್ನು ಹಣದಿಂದ ತೀರಿಸಲಾಗದು. ಇಕ್ಕಿದವರ ಮಕ್ಕಳ ಮುಂದೆ ಅದನ್ನು ಹೇಳುವುದಾದರೂ ಸಾಧ್ಯ.

ಆದುದರಿಂದ ಹಳೆಯ ಊರಿಗೆ ಹೋಗುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಅರಮನೆ, ಬೆಟ್ಟ, ಕೆರೆಗಳನ್ನು ಅಗತ್ಯವಾಗಿ ನೋಡಿರಿ; ಆದರೆ ಅವುಗಳಿಗಿಂತ ಮೊದಲು ಒಂದು ಮನೆಯ ಬಾಗಿಲನ್ನು ತಟ್ಟಿರಿ. ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ಯಿರಿ. ಅಂದು ಹೇಗಿತ್ತೆಂದು ಹೇಳುವ ಮುನ್ನ ಇಂದು ಹೇಗಿರುವಿರೆಂದು ಕೇಳಿರಿ. ಉಪಕರಿಸಿದ ಹಿರಿಯರು ಇಲ್ಲವಾಗಿದ್ದರೆ ಅವರ ಮಾತನ್ನು ಅವರ ಮನೆಯ ಕಿರಿಯರಿಗೆ ಒಪ್ಪಿಸಿ ಬನ್ನಿರಿ. ಕಲ್ಲುಗಾರೆಯ ಕಟ್ಟಡವು ಒಂದು ದಿನ ಬೀಳುವುದು ಸಹಜ. ಒಂದು ಮನೆಯ ಸತ್ಕೀರ್ತಿಯು ಅರಿತವರು ಹೇಳದೆ ಹೋದರೆ ಮಾತ್ರ ಬೀಳುವುದು.