ಕಾಳಿಂಗನಿಗೆ ಸಿಕ್ಕ ಸ್ವಂತ ಹೆಸರು

ನಾಗರ ಪಂಚಮಿಯ ದಿನ ಕ್ವೇಕರ್ಸ್ ಹಿಲ್‌ನಲ್ಲಿ ಹುತ್ತ ಹುಡುಕಲು ಎಲ್ಲಿ ಹೋಗುವುದು? ಬೆಳ್ಳಿಯ ನಾಗಪ್ಪನಿಗೇ ತನಿ ಎರೆದು ಹಬ್ಬ ಮುಗಿಸುತ್ತೇವೆ. ಈ ಸಲ ಮಕ್ಕಳಿಗೆ ನಮ್ಮ ಮಲೆನಾಡಿನ ಕಾಳಿಂಗ ಸರ್ಪದ ಕಥೆಯನ್ನೂ ಹೇಳಿ. ಇದು ಪುರಾಣದ್ದಲ್ಲ, ಪ್ರಯೋಗಾಲಯದ್ದು.

1836ರಲ್ಲಿ ಕ್ಯಾಂಟರ್ ಎಂಬ ವಿಜ್ಞಾನಿ ಕಾಳಿಂಗನಿಗೆ ಶಾಸ್ತ್ರೀಯ ಹೆಸರಿಟ್ಟ. ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಇರುವುದೆಲ್ಲ ಒಂದೇ ಜಾತಿ ಎಂದು ಬಹುಕಾಲ ನಂಬಲಾಗಿತ್ತು. ಆಗುಂಬೆಯಲ್ಲಿ ಕಾಳಿಂಗನ ಅಧ್ಯಯನದಲ್ಲಿ ತೊಡಗಿರುವ ಪಿ. ಗೌರಿಶಂಕರ್ ಅವರಿಗೆ 2005ರಲ್ಲಿ ಈ ಹಾವು ಕಚ್ಚಿತು. ಥಾಯ್ಲೆಂಡಿನ ಕಾಳಿಂಗನ ವಿಷಕ್ಕೆಂದು ತಯಾರಿಸಿದ ಔಷಧಿ ನಿರೀಕ್ಷೆಯಂತೆ ಕೆಲಸ ಮಾಡಲಿಲ್ಲ. ಹಾಗಾದರೆ ಅಲ್ಲಿನ ಹಾವೂ ಇಲ್ಲಿನ ಹಾವೂ ಒಂದೇನಾ?

ಅವರೂ ಸಂಗಡಿಗರೂ ಬೇರೆ ಬೇರೆ ದೇಶಗಳ ಕಾಳಿಂಗಗಳ ಡಿ.ಎನ್.ಎ. ಹೋಲಿಸಿ 2021ರಲ್ಲಿ ನಾಲ್ಕು ವಂಶಗಳಿವೆ ಎಂದರು. 2024ರಲ್ಲಿ ಅವು ನಾಲ್ಕು ಜಾತಿಗಳಾದವು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು 'ಒಫಿಯೋಫೇಗಸ್ ಕಾಳಿಂಗ'. ನಮ್ಮ ಅಜ್ಜಿಯರು ಕರೆದ ಹೆಸರೇ ಈಗ ಜಗತ್ತಿನ ಪುಸ್ತಕ ಸೇರಿದೆ!

ಹೆಸರಿನಿಂದೇನು ಲಾಭ ಎನ್ನಬೇಡಿ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗಾಗಿ ತಯಾರಾದದ್ದು, ಕಾಳಿಂಗನಿಗಲ್ಲ. ನಮ್ಮ ಕಾಳಿಂಗನಿಗೆ ಔಷಧಿ ಮಾಡಬೇಕಾದರೆ ನಮ್ಮ ಕಾಳಿಂಗನ ವಿಷವೇ ಬೇಕಾದೀತು.

ಸಂತಾನದ ಮಾತೂ ಅಷ್ಟೇ. ಹಾವುಗಳಲ್ಲಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಮಳೆಗಾಲಕ್ಕೆ ಮುಂಚೆ ತಾಯಿ ಒಣಗಿದ ಎಲೆಗಳನ್ನು ಮೈಯಿಂದಲೇ ಒಟ್ಟುಮಾಡಿ, ಮೊಟ್ಟೆಯಿಟ್ಟು, ಕಾವಲು ಕೂರುತ್ತಾಳೆ. ಗೂಡು ಮನೆಯ ಹತ್ತಿರ ಕಂಡರೂ ಮೊಟ್ಟೆಗಳನ್ನು ಎತ್ತಿ ಒಯ್ಯದೆ, ಅಲ್ಲೇ ಕಾಪಾಡಿ, ಮರಿಗಳನ್ನು ಅದೇ ಕಾಡಿಗೆ ಬಿಡುವ ಕೆಲಸ ಆಗುಂಬೆಯಲ್ಲಿ ನಡೆದಿದೆ. ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲೂ ಕಾಳಿಂಗ ಮರಿ ಮಾಡಿದೆ. ಇನ್ನು ಮುಂದೆ ಮೃಗಾಲಯಗಳು ಗಂಡು-ಹೆಣ್ಣು ಜೋಡಿಸುವಾಗ ಜಾತಕದಂತೆ ಡಿ.ಎನ್.ಎ. ನೋಡಬೇಕು! ಘಟ್ಟದ ಕಾಳಿಂಗ ಅಳಿದರೆ ಥಾಯ್ಲೆಂಡಿನಿಂದ ತಂದು ಆ ಜಾಗ ತುಂಬಲಾಗದು.

ಇಲ್ಲಿಯೂ ಹಾವುಗಳಿಗೆ ಅವುಗಳದೇ ರೀತಿ. ಸಿಡ್ನಿಯ ಕೆಂಪು ಹೊಟ್ಟೆಯ ಕರಿಹಾವು ಮರಿ ಹಾಕುತ್ತದೆ. ಕಂದು ಹಾವು ಮೊಟ್ಟೆಯಿಡುತ್ತದೆ. ಎರಡೂ ವಿಷದ ಹಾವುಗಳೇ, ಎರಡಕ್ಕೂ ಕಾನೂನಿನ ರಕ್ಷಣೆಯಿದೆ. ಬೇಸಿಗೆಯಲ್ಲಿ ಹಿತ್ತಲಿಗೆ ಬಂದರೆ ಸಲಿಕೆ ಹುಡುಕಬೇಡಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು, ಹಾವು ಹಿಡಿಯಲು ಪರವಾನಗಿ ಇರುವವರಿಗೆ ಫೋನ್ ಮಾಡಿ. ನಾಗಪ್ಪನಿಗೆ ಅದಕ್ಕಿಂತ ದೊಡ್ಡ ಪೂಜೆ ಬೇಕಿಲ್ಲ.