ಹಿತ್ತಲ ಗಿಡವೂ ಮದ್ದೇ!
(ಇನ್‌ಸ್ಪೈರ್ ಅವಾರ್ಡ್‌ಗೆ ಅರ್ಜಿ ಬರೆಯುವ ಮುನ್ನ ಎರಡು ಮಾತು)



"ಇನ್‌ಸ್ಪೈರ್ ಅವಾರ್ಡ್‌ಗೆ ಯಾರ ಹೆಸರು ಕಳಿಸೋಣ?" ಅಂತ ಮೇಷ್ಟ್ರು ಕೇಳಿದ ಕೂಡಲೇ ನಮ್ಮೆಲ್ಲರ ಕಣ್ಣೂ ಮೊದಲ ಬೆಂಚಿನ ಕಡೆ ಹೋಗುತ್ತವೆ. ಗಣಿತದಲ್ಲಿ ತೊಂಬತ್ತು ತೆಗೆದವರಿಗೇ ಈ ಪ್ರಶಸ್ತಿ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ. ಯಾಕೆ ತಪ್ಪು ಅಂತ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಮೊದಲು ಈ ಪ್ರಶಸ್ತಿ ಏನು ಅಂತ ತಿಳಿಯೋಣ. ಇದರ ಪೂರ್ತಿ ಹೆಸರು ಇನ್‌ಸ್ಪೈರ್ ಅವಾರ್ಡ್ – ಮಾನಕ್. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯವರು ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೊತೆ ಸೇರಿ ಇದನ್ನು ನಡೆಸುತ್ತಾರೆ. ನಮ್ಮಂಥ ಹೈಸ್ಕೂಲು ಮಕ್ಕಳಷ್ಟೇ ಅಲ್ಲ, 6ನೇ ತರಗತಿಯ ತಮ್ಮ ತಂಗಿಯರೂ ಇದಕ್ಕೆ ಐಡಿಯಾ ಕೊಡಬಹುದು. ಶಾಲೆಯೊಳಗೇ ಒಂದು ಸ್ಪರ್ಧೆ ಮಾಡಿ, ಒಳ್ಳೆಯ 5 ಐಡಿಯಾಗಳನ್ನು ಹೆಡ್‌ಮಾಸ್ಟರು ಆನ್‌ಲೈನ್‌ನಲ್ಲಿ ಕಳಿಸುತ್ತಾರೆ. ದೇಶದಿಂದ 10 ಲಕ್ಷ ಐಡಿಯಾ ಬರಲಿ ಎಂಬುದು ಅವರ ಗುರಿ. ಅದರಲ್ಲಿ 1 ಲಕ್ಷ ಆರಿಸಿ, ಆಯ್ಕೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ 10,000 ರೂಪಾಯಿ ಹಾಕುತ್ತಾರೆ. ಆ ದುಡ್ಡು ಮಾದರಿ ತಯಾರಿಸಿ ಜಿಲ್ಲಾ ಪ್ರದರ್ಶನಕ್ಕೆ ಒಯ್ಯಲಿಕ್ಕೆ. ಜಿಲ್ಲೆಯಿಂದ ರಾಜ್ಯಕ್ಕೆ 10,000, ರಾಜ್ಯದಿಂದ ರಾಷ್ಟ್ರಮಟ್ಟಕ್ಕೆ 1,000, ಕೊನೆಗೆ 60. ಇದು ಅದರ ಏಣಿ.

ಈಗ ಮುಖ್ಯವಾದ ವಿಷಯ. ಅವರು ನೋಡುವುದು ಅಂಕಪಟ್ಟಿಯನ್ನಲ್ಲ. ಐಡಿಯಾ ಹೊಸದೇ? ಜನಕ್ಕೆ ಉಪಯೋಗವೇ? ಪರಿಸರಕ್ಕೆ ಕೆಡುಕಿಲ್ಲವೇ? ಬಳಸೋದು ಸುಲಭವೇ? ಈಗಾಗಲೇ ಇರುವ ವಸ್ತುವಿಗಿಂತ ಯಾವುದರಲ್ಲಿ ಮೇಲು? ಈ ಐದು ಪ್ರಶ್ನೆಗಳಿಗೆ ಉತ್ತರ ಇರೋ ಅರ್ಜಿಯೇ ಗಟ್ಟಿ ಅರ್ಜಿ. ಇದರಲ್ಲಿ ಒಂದಾದರೂ ಪ್ರಶ್ನೆ "ನಿನ್ನ ರ್‍ಯಾಂಕ್ ಎಷ್ಟು?" ಅಂತ ಕೇಳುತ್ತಾ ನೋಡಿ!

ಆದರೆ ನಾವು ಮಾಡೋದೇನು? ಪೇಟೆ ಅಂಗಡಿಯಿಂದ ರೆಡಿಮೇಡ್ ಮಾದರಿ ತರುತ್ತೇವೆ. ಇಲ್ಲವೇ ಮೊಬೈಲ್‌ನಲ್ಲಿ ಯೂಟ್ಯೂಬ್ ನೋಡಿ ಥರ್ಮಾಕೋಲಿನ ಜ್ವಾಲಾಮುಖಿ ಮಾಡುತ್ತೇವೆ. ಜ್ವಾಲಾಮುಖಿ ಮಾಡಿದರೆ ಪಾಠ ಅರ್ಥವಾಗುತ್ತದೆ, ಸಂತೋಷ. ಆದರೆ ಅದು ಹೊಸದಲ್ಲ, ನಮ್ಮ ಊರಿನ ಯಾರ ಕಷ್ಟವನ್ನೂ ಅದು ಕಳೆಯೋದಿಲ್ಲ. ಇನ್ನೂ ದೊಡ್ಡ ನಷ್ಟ ಬೇರೆ ಇದೆ. ಪ್ರದರ್ಶನದಲ್ಲಿ ತೀರ್ಪುಗಾರರು "ಇದು ನಿನಗೆ ಹೇಗೆ ಹೊಳೀತು ಮಗೂ?" ಅಂತ ಕೇಳಿದಾಗ, ಬೇರೆಯವರ ಮಾದರಿ ಹಿಡಿದು ನಿಂತವರಿಗೆ ಹೇಳೋಕೆ ಏನೂ ಇರೋದಿಲ್ಲ. "ವಿಜ್ಞಾನ ಅಂದ್ರೆ ಅಂಗಡೀಲಿ ಸಿಗೋದು, ನಮ್ಮ ಮನೇಲಿ ಇರೋದಲ್ಲ" ಎಂಬ ಪಾಠವನ್ನು ಅವರು ಕಲಿತು ಬರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಹಿತ್ತಲ ಗಿಡವೂ ಮದ್ದೇ ಅನ್ನೋದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಕೇರಳದ ರೆಮ್ಯಾ ಜೋಸ್ ನಮ್ಮ ಹಾಗೆ ಶಾಲೆಗೆ ಹೋಗುತ್ತಿದ್ದ ಹುಡುಗಿ. ತಾಯಿಗೆ ಹುಷಾರಿರಲಿಲ್ಲ, ಮನೆಮಂದಿಯ ಬಟ್ಟೆ ಒಗೆಯೋ ಕೆಲಸ ಮಕ್ಕಳ ಮೇಲೆ ಬಿತ್ತು. ಆಕೆ ಸೈಕಲ್ಲಿನ ಪೆಡಲ್ ತುಳಿದರೆ ಬಟ್ಟೆ ಒಗೆಯೋ ಯಂತ್ರವನ್ನು ಯೋಚಿಸಿ ಮಾಡಿಸಿದಳು. ಕರೆಂಟು ಬೇಡವೇ ಬೇಡ. ಅದಕ್ಕೆ 2005ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಪ್ರಶಸ್ತಿ ಬಂತು. ಇನ್ನೊಬ್ಬರು ನಮ್ಮ ನಾಡಿನವರೇ, ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು. ಬೆಳಿಗ್ಗೆ ಎಚ್ಚರವಾಗೋದಿಲ್ಲ ಅಂತ, ಅಲಾರಾಂ ಕೀಲಿ ಸುತ್ತಿದ ಹಾಗೆ ದಾರ ಎಳೆದು ಬಾಟಲಿ ನೀರು ಮುಖದ ಮೇಲೆ ಸುರಿಯೋ ಹಾಗೆ ಮಾಡಿಕೊಂಡಿದ್ದರಂತೆ! ಮುಂದೆ ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸೋ ಯಂತ್ರ, ಬಿತ್ತನೆ ಕೂರಿಗೆ ಹೀಗೆ ರೈತರಿಗೆ ಬೇಕಾದ ಎಷ್ಟೋ ಸಾಧನ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಬ್ಬರೂ ಶುರು ಮಾಡಿದ್ದು ಪುಸ್ತಕದಿಂದಲ್ಲ, ತಮ್ಮ ಮನೆಯ ತೊಂದರೆಯಿಂದ.

ಹಾಗಾದರೆ ಅರ್ಜಿ ಬರೆಯೋದು ಹೇಗೆ? ಒಂದು ಉದಾಹರಣೆ ನೋಡೋಣ. ನಮ್ಮ ಕಡೆ ಅಜ್ಜಿಯರು ತೆಂಗಿನ ಗರಿ ಸೀಳಿ, ಕಡ್ಡಿ ತೆಗೆದು ಪೊರಕೆ ಕಟ್ಟುತ್ತಾರೆ. ಚಾಕು ತಾಗಿ ಬೆರಳು ಕುಯ್ಯುತ್ತದೆ. ಇದರ ಮೇಲೆ ಇಬ್ಬರು ಅರ್ಜಿ ಬರೆದರು ಅಂತ ಇಟ್ಟುಕೊಳ್ಳಿ.

ಮೊದಲನೆಯವರು ಬರೆಯುತ್ತಾರೆ: "ಪೊರಕೆ ತಯಾರಿಕಾ ಯಂತ್ರದಿಂದ ಮಹಿಳಾ ಸಬಲೀಕರಣವಾಗಿ ದೇಶ ಪ್ರಗತಿ ಹೊಂದುವುದು."

ಎರಡನೆಯವರು ಬರೆಯುತ್ತಾರೆ: "ಒಂದು ಪೊರಕೆಗೆ ಅಜ್ಜಿ ಎಷ್ಟು ಕಡ್ಡಿ ಸೀಳುತ್ತಾರೆ, ಎಷ್ಟು ನಿಮಿಷ ಬೇಕು ಅಂತ ಮೂರು ದಿನ ಗಡಿಯಾರ ಇಟ್ಟು ಬರೆದುಕೊಂಡಿದ್ದೇನೆ. ಒಂದು ಮರದ ತುಂಡಿನಲ್ಲಿ ಸಣ್ಣ ಸೀಳು ಬಿಟ್ಟು, ಒಳಗಡೆ ಎರಡು ಬ್ಲೇಡು ಕೂರಿಸಬೇಕು. ಗರಿಯ ಬುಡ ತೂರಿಸಿ ಎಳೆದರೆ ಎಲೆ ಹೆರೆದು ಹೋಗಿ ಕಡ್ಡಿ ಮಾತ್ರ ಈಚೆ ಬರಬೇಕು. ಬ್ಲೇಡು ಮರದೊಳಗೆ ಇರೋದರಿಂದ ಬೆರಳಿಗೆ ತಾಗಬಾರದು. ಹಸಿ ಗರಿಗೂ ಒಣ ಗರಿಗೂ ಸೀಳಿನ ಅಗಲ ಬೇರೆ ಬೇಕಾಗಬಹುದು, ಅದನ್ನು ಪರೀಕ್ಷೆ ಮಾಡಬೇಕು."

ಯಾವುದು ಗಟ್ಟಿ? ನೀವೇ ಹೇಳಿ. ಮೊದಲನೆಯದರಲ್ಲಿ ದೊಡ್ಡ ಮಾತಿದೆ, ವಸ್ತು ಇಲ್ಲ. ಎರಡನೆಯದರಲ್ಲಿ ಕಷ್ಟ ಯಾರದು, ಎಷ್ಟು, ಉಪಾಯ ಏನು, ಇನ್ನೂ ತಿಳಿಯಬೇಕಾದ್ದೇನು ಎಲ್ಲ ಇದೆ. ಜೊತೆಗೆ ಪೆನ್ಸಿಲಿನಲ್ಲಿ ಒಂದು ಚಿತ್ರ ಬರೆದು ಭಾಗಗಳ ಹೆಸರು ಗುರುತಿಸಿದರೆ ಮತ್ತೂ ಚೆನ್ನ. ಆದರೆ ಒಂದು ಎಚ್ಚರಿಕೆ. ಇಂಥದ್ದು ಈಗಾಗಲೇ ಯಾರಾದರೂ ಮಾಡಿದ್ದಾರಾ ಅಂತ ಕುಲುಮೆಯವರನ್ನು, ಬಡಗಿಯವರನ್ನು, ಮೇಷ್ಟ್ರನ್ನು ಕೇಳಬೇಕು, ಮೊಬೈಲ್‌ನಲ್ಲೂ ಹುಡುಕಬೇಕು. ಹುಣಸೆ ಬೀಜದ ಯಂತ್ರ ಅಂತ ಸುಮ್ಮನೆ ಬರೆದರೆ, ಅದನ್ನು ನಡಕಟ್ಟಿನ ಅವರು ಆಗಲೇ ಮಾಡಿದ್ದಾರೆ ಅಂತಾರೆ. ಅದಕ್ಕಿಂತ ನಿಮ್ಮದು ಯಾವುದರಲ್ಲಿ ಬೇರೆ ಅಂತ ಬರೆದರೆ ಮಾತ್ರ ಬೆಲೆ. ಇನ್ನು, ಪೊರಕೆ ಉದಾಹರಣೆಯನ್ನೇ ಎಲ್ಲರೂ ನಕಲು ಮಾಡಬೇಡಿ ಮತ್ತೆ! ನಿಮ್ಮ ಮನೆಯಲ್ಲೂ ಒಂದು ತೊಂದರೆ ಇದ್ದೇ ಇರುತ್ತದೆ.

ಗುರುಗಳು ತಪ್ಪು ತಿಳಿಯಬಾರದು, ತಮ್ಮಲ್ಲಿಯೂ ಮೂರು ಕೋರಿಕೆ ಇದೆ. ಒಂದು, ಆಫೀಸ್ ರೂಮಿನ ಹೊರಗೆ ಒಂದು ಐಡಿಯಾ ಡಬ್ಬಿ ಇಡಿಸಿ. ಮಾತಾಡೋಕೆ ನಾಚುವವರೂ ಚೀಟಿ ಬರೆದು ಹಾಕಬಹುದು. ಎರಡು, ಆರಿಸುವಾಗ ಚೀಟಿಯ ಮೇಲಿನ ಹೆಸರು ಮುಚ್ಚಿಟ್ಟು ಐಡಿಯಾ ಮಾತ್ರ ಓದಿ. ಮೂರು, ನಮ್ಮ ಕನ್ನಡದಲ್ಲೇ ಬರೆಯೋಕೆ ಬಿಡಿ. ಯಾವುದೇ ಭಾರತೀಯ ಭಾಷೆಯಲ್ಲಿ ಐಡಿಯಾ ಕಳಿಸಬಹುದು ಅಂತ ಯೋಜನೆಯಲ್ಲೇ ಇದೆ.

"ಮಕ್ಕಳು ಬರೆದದ್ದು ಒರಟಾಗಿರುತ್ತೆ, ನಾವು ತಿದ್ದದೇ ಇದ್ದರೆ ಆಯ್ಕೆ ಆಗೋದಿಲ್ಲ" ಅಂತ ಕೆಲವರು ಹೇಳಬಹುದು. ಕಾಗುಣಿತ ತಿದ್ದಲಿ, ಬೇಡ ಅನ್ನೋದಿಲ್ಲ. "ಇದು ಮುರಿದರೆ ಏನ್ಮಾಡ್ತೀಯ? ಖರ್ಚೆಷ್ಟು?" ಅಂತ ಪ್ರಶ್ನೆ ಕೇಳಲಿ, ಅದರಿಂದ ಐಡಿಯಾ ಗಟ್ಟಿಯಾಗುತ್ತದೆ. ಆದರೆ ಉತ್ತರ ಮಾತ್ರ ನಮ್ಮದೇ ಆಗಿರಲಿ. ಗುರುಗಳ ಐಡಿಯಾಕ್ಕೆ ನಮ್ಮ ಹೆಸರು ಬಂದರೆ ನಮಗೆ ಸರ್ಟಿಫಿಕೇಟು ಸಿಗಬಹುದು, ಧೈರ್ಯ ಸಿಗೋದಿಲ್ಲ.

ಹೆಣ್ಣುಮಕ್ಕಳಿಗೆ ಒಂದು ವಿಶೇಷ ಮಾತು. ನೀರು ತರೋದು, ಕಸ ಬಳಿಯೋದು, ಒಲೆ ಉರಿಸೋದು ನಮ್ಮ ಪಾಲಿಗೆ ಬಂದಿದೆ. ಅದು ಸರಿಯೋ ತಪ್ಪೋ ಇನ್ನೊಂದು ಸಂಚಿಕೆಯಲ್ಲಿ ಬರೆಯೋಣ. ಆದರೆ ಯಾವ ಕೆಲಸದಲ್ಲಿ ಸೊಂಟ ನೋಯುತ್ತೆ, ಎಲ್ಲಿ ಹೊಗೆ ಕಣ್ಣಿಗೆ ಬರುತ್ತೆ ಅನ್ನೋದು ನಮಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಅದನ್ನು ಬರೆಯದೆ ಸುಮ್ಮನಿದ್ದರೆ ಆ ಕಷ್ಟ ಹಾಗೇ ಉಳಿಯುತ್ತದೆ.

ಆಯ್ಕೆ ಆಗದಿದ್ದರೆ? ಹತ್ತರಲ್ಲಿ ಒಂದು ಆರಿಸುವ ಕಡೆ ಒಂಬತ್ತು ಉಳಿಯಲೇಬೇಕು. ಆದರೆ ಅಜ್ಜಿಯ ಬೆರಳಿಗೆ ಪ್ರಶಸ್ತಿ ಬೇಡ, ಮರದ ತುಂಡು ಎರಡು ಬ್ಲೇಡು ಸಾಕು. ಅಷ್ಟು ಮಾಡಿದರೂ ಅರ್ಜಿ ಬರೆದದ್ದು ಸಾರ್ಥಕ. ಆದ್ದರಿಂದ ಗೆಳೆಯ ಗೆಳತಿಯರೇ, ಈ ವಾರ ಮನೆಯಲ್ಲಿ ಯಾರು ಯಾವ ಕೆಲಸ ಮಾಡುವಾಗ "ಅಯ್ಯೋ" ಅಂದರು ಅಂತ ಗಮನಿಸಿ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಡಿ. ನಿಮ್ಮ ಅರ್ಜಿಯ ಮೊದಲ ಸಾಲು ಅದೇ.

— ಒಬ್ಬ ವಿದ್ಯಾರ್ಥಿನಿ, 9ನೇ ತರಗತಿ