ಮೂರ್ಛೆರೋಗದ ಮಗುವೂ ಪಾಠಶಾಲೆಯೂ

ಕಳೆದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಗೃಹಸ್ಥರೊಬ್ಬರು ಬಂದು ಜಗಲಿಯಲ್ಲಿ ಕುಳಿತು ಬಹಳ ಹೊತ್ತು ಮಾತನಾಡದೆ ಇದ್ದರು. ಕಡೆಗೆ, "ಮೇಷ್ಟ್ರೇ, ನಮ್ಮ ಹುಡುಗಿಗೆ ಇರುವುದು ಮೂರ್ಛೆರೋಗವೆಂದು ಡಾಕ್ಟರು ಹೇಳಿದ್ದಾರೆ. ಔಷಧ ನಡೆಯುತ್ತಿದೆ. ಶಾಲೆಗೆ ತಿಳಿಸಿದರೆ ಹೊರಗೆ ಹಾಕಿಯಾರು, ನಾಳೆ ಮದುವೆಗೂ ಅಡ್ಡಿಯಾದೀತು ಎಂದು ಇವಳ ತಾಯಿ ಅಳುತ್ತಾಳೆ. ಏನು ಮಾಡಲಿ?" ಎಂದರು. ಇಂತಹ ಪ್ರಶ್ನೆಯು ಅನೇಕ ಮನೆಗಳಲ್ಲಿ ಬಾಗಿಲು ಮುಚ್ಚಿಕೊಂಡು ನಡೆಯುವ ಮಾತಾದುದರಿಂದ, ಅವರಿಗೆ ಹೇಳಿದುದನ್ನೇ ವಾಚಕರ ಮುಂದೆ ಇಡುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಶಬ್ದರೂಪಗಳನ್ನು ಒಪ್ಪಿಸುತ್ತಿದ್ದವನು ನಡುವೆ ತಟಕ್ಕನೆ ನಿಂತು, ಹತ್ತು ಸೆಕೆಂಡು ಎವೆಯಿಕ್ಕದೆ ಎತ್ತಲೋ ನೋಡಿ, ಮತ್ತೆ ಏನೂ ಆಗದವನಂತೆ ಮುಂದುವರಿಸುತ್ತಿದ್ದನು. ಇದನ್ನು ಉದ್ಧಟತನವೆಂದು ಬಗೆದು ಅವನನ್ನು ಹಲವು ಸಲ ಬೆಂಚಿನ ಮೇಲೆ ನಿಲ್ಲಿಸಿದೆವು. ಅದೂ ಮೂರ್ಛೆರೋಗದ ಒಂದು ಬಗೆಯೆಂಬುದು ವರ್ಷದ ಕೊನೆಯಲ್ಲಿ ಅವನ ತಂದೆಯಿಂದ ತಿಳಿಯಿತು. ಸಂಸ್ಕೃತದಲ್ಲಿ ಈ ರೋಗಕ್ಕೆ 'ಅಪಸ್ಮಾರ'ವೆಂದು ಹೆಸರು. ಸ್ಮೃತಿಯು ತೊಲಗುವುದೆಂದು ಅರ್ಥ. ಚರಕಸಂಹಿತೆಯು ಇದಕ್ಕೆ ಪ್ರತ್ಯೇಕ ಅಧ್ಯಾಯಗಳನ್ನೇ ಕೊಟ್ಟಿದೆ. ಶಬ್ದದ ವ್ಯುತ್ಪತ್ತಿಯನ್ನು ಬಲ್ಲ ನಾವು ಅದರ ಅರ್ಥವು ಎದುರಿಗೇ ನಿಂತಿದ್ದಾಗ ಗುರುತಿಸಲಿಲ್ಲ. ತಂದೆಯು ಭಯದಿಂದ ಹೇಳಲಿಲ್ಲ, ನಾವು ಕೇಳಲಿಲ್ಲ, ದಂಡವನ್ನು ಹುಡುಗನು ತೆತ್ತನು.

ಆದುದರಿಂದ ಶಾಲೆಗೆ ತಿಳಿಸಲೇಬೇಕೆಂಬುದು ನಮ್ಮ ಅಭಿಪ್ರಾಯ. ಹೊರಗೆ ಹಾಕಿಯಾರೆಂಬ ಭಯಕ್ಕೆ ಕಾನೂನಿನಲ್ಲಿ ಉತ್ತರವಿದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ, ಎಂಟನೆಯ ತರಗತಿಯು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವುದೂ ಮನಸ್ಸನ್ನು ನೋಯಿಸುವುದೂ ಕೂಡದು. ಮದುವೆಯ ವಿಷಯದಲ್ಲಿಯೂ, ಹಿಂದೂ ವಿವಾಹ ಕಾಯಿದೆಯಲ್ಲಿ ಅಡ್ಡಿಯಾಗಿದ್ದ ಈ ರೋಗದ ಹೆಸರನ್ನು 1999ರಲ್ಲಿಯೇ ತೆಗೆದುಹಾಕಲಾಗಿದೆ. ಇದು ಗ್ರಹಚೇಷ್ಟೆಯಲ್ಲ, ಅಂಟುರೋಗವೂ ಅಲ್ಲ. ಮಿದುಳಿನ ವಿದ್ಯುತ್ ವ್ಯಾಪಾರವು ಸ್ವಲ್ಪ ಹೊತ್ತು ಕ್ರಮತಪ್ಪುವುದೇ ಇದರ ಕಾರಣ. ಸರಿಯಾದ ಔಷಧವನ್ನು ತಪ್ಪದೆ ಸೇವಿಸಿದರೆ ನೂರಕ್ಕೆ ಎಪ್ಪತ್ತು ಮಂದಿಯವರೆಗೆ ಸೆಳವಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ತಿಳಿಸುವ ಕ್ರಮವೊಂದುಂಟು. ಬಾಯಿಮಾತಿನಲ್ಲಿ ಹೇಳಿದುದು ಮರೆತುಹೋಗುವುದು, ಬರೆದುದು ಉಳಿಯುವುದು. ವೈದ್ಯರಿಂದ ಒಂದು ಹಾಳೆಯಷ್ಟು ಬರೆಸಿಕೊಳ್ಳಿರಿ. ಸೆಳವು ಹೇಗೆ ಬರುವುದು, ಎಷ್ಟು ಹೊತ್ತು ಇರುವುದು, ಔಷಧದ ಹೆಸರೇನು, ವೇಳೆ ಯಾವುದು, ಯಾರಿಗೆ ಫೋನು ಮಾಡಬೇಕು ಎಂಬಿಷ್ಟು ಅದರಲ್ಲಿರಲಿ. ಮುಖ್ಯೋಪಾಧ್ಯಾಯರಿಗೊಂದು, ತರಗತಿಯ ಉಪಾಧ್ಯಾಯರಿಗೊಂದು, ಆಟದ ಮೇಷ್ಟರಿಗೊಂದು ಪ್ರತಿಯನ್ನು ಕೊಟ್ಟು, ಹತ್ತು ನಿಮಿಷ ಕುಳಿತು ವಿವರಿಸಿರಿ. ವರ್ಷವರ್ಷವೂ ಉಪಾಧ್ಯಾಯರು ಬದಲಾಗುವುದರಿಂದ ಜೂನ್ ತಿಂಗಳಲ್ಲಿ ಮತ್ತೆ ಕೊಡಿರಿ.

ಸೆಳವು ಬಂದಾಗ ಮಾಡತಕ್ಕದ್ದೂ ಅದರಲ್ಲಿರಲಿ. ಮಗುವಿನ ತಲೆಯ ಕೆಳಗೆ ಮೆತ್ತನೆಯದನ್ನು ಇಟ್ಟು, ಮಗ್ಗುಲಾಗಿ ಹೊರಳಿಸಿ, ಗಡಿಯಾರವನ್ನು ನೋಡಬೇಕು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು; ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು. ಬೀಗದಕೈ ಹಿಡಿಸುವುದರಿಂದಲೂ ಈರುಳ್ಳಿ ಮೂಸಿಸುವುದರಿಂದಲೂ ಫಲವಿಲ್ಲ. ಸಾಮಾನ್ಯವಾಗಿ ಸೆಳವು ತಾನಾಗಿಯೇ ನಿಲ್ಲುವುದು. ಐದು ನಿಮಿಷ ಮೀರಿದರೆ, ಅಥವಾ ಒಂದರ ಹಿಂದೆ ಒಂದು ಬಂದರೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಇನ್ನು ಉಪಾಧ್ಯಾಯರಿಂದ ಕೇಳತಕ್ಕದ್ದು ದಯೆಯಲ್ಲ, ವ್ಯವಸ್ಥೆ. ಸೆಳವಿನ ಬಳಿಕ ಮಗುವಿಗೆ ಮಂಪರು ಹತ್ತಿದರೆ ಮಲಗಲು ಸ್ಥಳ ಬೇಕು; ತಪ್ಪಿದ ಪಾಠವನ್ನು ಮತ್ತೊಮ್ಮೆ ಹೇಳಿಕೊಡಬೇಕು; ಜೊತೆಯ ಮಕ್ಕಳಿಗೆ ಹೆದರಬೇಡಿರೆಂದು ತಿಳಿಹೇಳಬೇಕು. ನೀರಿಗಿಳಿಯುವಾಗಲೂ ಎತ್ತರಕ್ಕೆ ಹತ್ತುವಾಗಲೂ ಎಚ್ಚರವಿರಬೇಕೇ ಹೊರತು, ಆಟವನ್ನೇ ಬಿಡಿಸಿ ಮೂಲೆಯಲ್ಲಿ ಕೂರಿಸಬಾರದು.

ಮೊನ್ನೆ ಆ ಗೃಹಸ್ಥರು ಮತ್ತೆ ಬಂದಿದ್ದರು. ಏನಾದರೂ ಆದಲ್ಲಿ ತಾವು ಹೊಣೆಯಲ್ಲವೆಂದು ಶಾಲೆಯವರು ಮೊದಲು ಮುಚ್ಚಳಿಕೆಯನ್ನು ಕೇಳಿದರಂತೆ. ಇವರು ಅದಕ್ಕೆ ಸಹಿ ಹಾಕದೆ, ವೈದ್ಯರ ಹಾಳೆಯನ್ನು ಮುಂದಿಟ್ಟು ಸಮಾಧಾನವಾಗಿ ಮಾತನಾಡಿದ ಮೇಲೆ ಒಪ್ಪಿಕೊಂಡರಂತೆ. ಹುಡುಗಿಯು ಎಂದಿನಂತೆ ಶಾಲೆಗೆ ಹೋಗುತ್ತಿರುವಳು. ಡಿಸೆಂಬರಿನ ಪ್ರವಾಸಕ್ಕೆ ಕರೆದೊಯ್ಯುವರೋ ಇಲ್ಲವೋ ಇನ್ನೂ ನಿಶ್ಚಯವಾಗಿಲ್ಲ. ಅದನ್ನೂ ಹೋಗಿ ಕೇಳಿರೆಂದು ಹೇಳಿ ಕಳುಹಿಸಿದ್ದೇವೆ.